ಹಾರ್ಮೋನಿಯಂ ಕಲಿತ ಕೈಗೆ 25 ಕೀಗಳ ಮಿಡಿ ಕೀಬೋರ್ಡ್

ಮಿಡಿ ಕೀಬೋರ್ಡನ್ನು, ಅಂದರೆ ಕಂಪ್ಯೂಟರಿನ ದನಿಗಳನ್ನು ನುಡಿಸಲು ಬಳಸುವ ಪಿಯಾನೊದಂಥ ಕೀಗಳ ಪೆಟ್ಟಿಗೆಯನ್ನು, ಕಂಪ್ಯೂಟರಿಗೆ ಸಿಕ್ಕಿಸುವುದು ಐದು ನಿಮಿಷದ ಕೆಲಸ. ಅದನ್ನು ಕೈಗೆ ಒಗ್ಗಿಸಿಕೊಳ್ಳುವುದೇ ನಿಜವಾದ ಸೆಟಪ್. ಹೊಸದಾಗಿ ಕೊಂಡ ಎಷ್ಟೋ ಜನ ಮೊದಲನೆಯದನ್ನು ಮುಗಿಸಿ, ಎರಡನೆಯದಕ್ಕೆ ಕೈ ಹಾಕದೆ, ಇದು ಮಕ್ಕಳ ಆಟಿಕೆ ಅಂತ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ನನಗೆ ಅದು ಬೇಜಾರಿನ ವಿಷಯ. ಈ ಪುಟ್ಟ ಪೆಟ್ಟಿಗೆ ಆಟಿಕೆ ಅಲ್ಲ.

ನನ್ನದು 25 ಕೀಗಳದ್ದು. ಮಿನಿ ಕೀಗಳು. ಜೊತೆಗೆ ಬೆರಳಿನಿಂದ ಬಡಿಯುವ 8 ಪ್ಯಾಡ್, ತಿರುಗಿಸುವ 8 ನಾಬ್, ಎಡಮೂಲೆಯಲ್ಲಿ ಒಂದು ಚಿಕ್ಕ ಜಾಯ್‌ಸ್ಟಿಕ್. ಅಕೈ ಎಂಪಿಕೆ ಮಿನಿ, ಆರ್ಟುರಿಯಾ ಮಿನಿಲ್ಯಾಬ್, ನೊವೇಶನ್ ಲಾಂಚ್‌ಕೀ ಮಿನಿ ಎಲ್ಲವೂ ಹೆಚ್ಚುಕಡಿಮೆ ಇದೇ ಗಾತ್ರದವು. ಕೆಲವದರಲ್ಲಿ ಜಾಯ್‌ಸ್ಟಿಕ್ ಬದಲು ಬೆರಳಾಡಿಸುವ ಪಟ್ಟಿ ಇರುತ್ತದೆ. ನಾನು ಸಂಗೀತ ಕಲಿತದ್ದು ಹಾರ್ಮೋನಿಯಂ ಮೇಲೆ. ಹಾಗಾಗಿ ಇದನ್ನು ಹೊಂದಿಸಿಕೊಂಡ ರೀತಿಯೂ ಪಿಯಾನೊ ಕಲಿತವರ ರೀತಿಗಿಂತ ಬೇರೆ. ಹಾಡುವವರಿಗೆ, ರಾಗ ನುಡಿಸುವವರಿಗೆ ಇದು ಜಾಸ್ತಿ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇಂಥ ಕೀಬೋರ್ಡುಗಳಲ್ಲಿ ಬಹುತೇಕ ಯಾವುದರಲ್ಲೂ ಸದ್ದು ಇರುವುದಿಲ್ಲ. ಸ್ಪೀಕರ್ ಇಲ್ಲ, ದನಿ ಹುಟ್ಟಿಸುವ ಚಿಪ್ ಇಲ್ಲ. ನೀವು ಒಂದು ಕೀ ಒತ್ತಿದಾಗ ಹೊರಗೆ ಹೋಗುವುದು ಮೂರೇ ಮೂರು ಸಂಖ್ಯೆ. ಉದಾಹರಣೆಗೆ 144, 60, 87. 144 ಅಂದರೆ ಒಂದನೇ ಚಾನೆಲ್‌ನಲ್ಲಿ ಸ್ವರ ಶುರುವಾಯಿತು (ಚಾನೆಲ್ ಅಂದರೆ ಬೇರೆ ಬೇರೆ ವಾದ್ಯಗಳ ಸಂದೇಶ ಬೆರೆಯದಿರಲು ಇರುವ ಬೇರೆ ಬೇರೆ ದಾರಿ). 60 ಅಂದರೆ ಯಾವ ಸ್ವರ. ಇದು ಪಿಯಾನೊದ ನಡುವಿನ ಸಿ (ಪಾಶ್ಚಾತ್ಯ ಸಂಗೀತದಲ್ಲಿ ಸ್ವರದ ಹೆಸರು). 87 ಅಂದರೆ ಎಷ್ಟು ಜೋರಾಗಿ ಒತ್ತಿದಿರಿ. ಬೆರಳು ಎತ್ತಿದಾಗ ಸ್ವರ ಮುಗಿಯಿತು ಅಂತ ಇನ್ನೊಂದು ಸಂದೇಶ ಹೋಗುತ್ತದೆ. ಈ ಸಂಖ್ಯೆಗಳನ್ನು ಓದಿ ಸದ್ದು ಮಾಡುವ ಕೆಲಸ ಕಂಪ್ಯೂಟರಿನ ಸಾಫ್ಟ್‌ವೇರಿನದು. ಪಿಯಾನೊ ಬೇಕಾದರೆ ಪಿಯಾನೊ, ಕೊಳಲು ಬೇಕಾದರೆ ಕೊಳಲು. ಕೀಬೋರ್ಡಿಗೆ ಅದರ ಸುದ್ದಿಯೇ ಇಲ್ಲ.

ಈ ಸಂಖ್ಯೆಗಳ ಒಪ್ಪಂದದ ಹೆಸರೇ ಮಿಡಿ, ಅದು 1983ರದ್ದು. ಅದಕ್ಕೆ ಮೊದಲು ಒಂದು ಕಂಪನಿಯ ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಮಾತು ಇನ್ನೊಂದು ಕಂಪನಿಯದಕ್ಕೆ ಅರ್ಥವಾಗುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಮುಂದೆ ನಿಂತು ಎಲ್ಲರಿಗೂ ಒಂದೇ ಭಾಷೆ ತಂದರು. 2013ರಲ್ಲಿ ಇಬ್ಬರಿಗೂ ಅದಕ್ಕಾಗಿ ಟೆಕ್ನಿಕಲ್ ಗ್ರ್ಯಾಮಿ ಬಂತು. ಇವತ್ತು ನನ್ನ ಮೇಜಿನ ಮೇಲಿರುವ ಕೀಬೋರ್ಡ್ ಕಳಿಸುವ 144, 60, 87 ಅನ್ನು 1983ರ ಮಿಡಿ ಸಿಂಥಸೈಜರ್ ಕೂಡ ಓದಬಲ್ಲದು. ಇಷ್ಟು ವರ್ಷ ಕೆಡದೆ ಉಳಿದ ತಂತ್ರಜ್ಞಾನ ತುಂಬಾ ಅಪರೂಪ. ನನಗೆ ಇದರ ಬಗ್ಗೆ ನಿಜವಾಗಲೂ ಗೌರವ ಇದೆ.

ಇದು ಗೊತ್ತಿದ್ದರೆ "ಕೀ ಒತ್ತಿದರೆ ಸದ್ದೇ ಬರ್ತಿಲ್ಲ" ಅನ್ನುವ ಸಮಸ್ಯೆ ಅರ್ಧ ಬಗೆಹರಿದ ಹಾಗೆ. ಸಂಖ್ಯೆ ಕಂಪ್ಯೂಟರಿಗೆ ಬರುತ್ತಿದೆಯಾ ಇಲ್ಲವಾ ಅನ್ನುವುದನ್ನು ಮೊದಲು ನೋಡಿ. ಇದಕ್ಕೆ ಮಿಡಿ ಮಾನಿಟರ್ ಅನ್ನುವ ಚಿಕ್ಕ ಪ್ರೋಗ್ರಾಂಗಳಿವೆ. ವಿಂಡೋಸ್‌ನಲ್ಲಿ ಮಿಡಿ-ಆಕ್ಸ್ ಹಳೆಯದು, ನಂಬಬಹುದಾದದ್ದು. ಕೀ ಒತ್ತಿದಾಗ ಸಾಲು ಮೂಡಿದರೆ ಕೀಬೋರ್ಡ್, ವೈರು, ಪೋರ್ಟ್ ಎಲ್ಲ ಸರಿ ಇವೆ. ತೊಂದರೆ ಇರುವುದು ಸಾಫ್ಟ್‌ವೇರಿನಲ್ಲಿ. ಸಾಲು ಮೂಡದಿದ್ದರೆ ಮೊದಲು ವೈರು ಬದಲಿಸಿ. ಚಾರ್ಜ್ ಮಾಡಲು ಮಾತ್ರ ಆಗುವ ಯುಎಸ್‌ಬಿ ವೈರುಗಳು ಎಲ್ಲರ ಡ್ರಾಯರಿನಲ್ಲೂ ಇರುತ್ತವೆ. ಅವುಗಳಲ್ಲಿ ಕರೆಂಟ್ ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಕೀಬೋರ್ಡಿನ ದೀಪ ಉರಿಯುವುದರಿಂದ ಎಲ್ಲ ಸರಿಯಿದೆ ಅಂತ ಅನಿಸಿಬಿಡುತ್ತದೆ. ಸ್ವಂತ ಕರೆಂಟ್ ಇಲ್ಲದ ಯುಎಸ್‌ಬಿ ಹಬ್ ಇದ್ದರೆ ಅದನ್ನೂ ಬಿಟ್ಟು ನೇರವಾಗಿ ಸಿಕ್ಕಿಸಿ ನೋಡಿ.

ಇನ್ನೊಂದು ವಿಷಯ. ಮಾನಿಟರ್ ನೋಡಿ ಆದ ಮೇಲೆ ಅದನ್ನು ಮುಚ್ಚಿ. ವಿಂಡೋಸ್‌ನಲ್ಲಿ ಎಷ್ಟೋ ಸಲ ಒಂದು ಮಿಡಿ ಪೋರ್ಟನ್ನು ಒಂದೇ ಪ್ರೋಗ್ರಾಂ ಹಿಡಿದುಕೊಂಡಿರುತ್ತದೆ, ಇನ್ನೊಂದಕ್ಕೆ ಬಿಟ್ಟುಕೊಡುವುದಿಲ್ಲ. ಸಾಫ್ಟ್‌ವೇರ್ ತೆರೆಯುವ ಮೊದಲೇ ಕೀಬೋರ್ಡ್ ಸಿಕ್ಕಿಸುವುದೂ ಒಳ್ಳೆಯ ರೂಢಿ. ಇಂಥ ಕೀಬೋರ್ಡುಗಳಿಗೆ ಸಾಮಾನ್ಯವಾಗಿ ಬೇರೆ ಡ್ರೈವರ್ (ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ಪ್ರೋಗ್ರಾಂ) ಬೇಕಾಗುವುದಿಲ್ಲ. ಸಂಗೀತ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಯಾವುದೇ ಇರಲಿ, ರೀಪರ್ ಆಗಲಿ, ಗ್ಯಾರೇಜ್‌ಬ್ಯಾಂಡ್ ಆಗಲಿ, ಏಬಲ್ಟನ್ ಲೈವ್ ಆಗಲಿ, ನೋಡಬೇಕಾದ ಜಾಗಗಳು ಮೂರು. ಸೆಟ್ಟಿಂಗಿನಲ್ಲಿ ಈ ಕೀಬೋರ್ಡ್ ಆನ್ ಆಗಿದೆಯಾ, ಟ್ರ್ಯಾಕ್ (ಒಂದು ವಾದ್ಯದ ರೆಕಾರ್ಡಿಂಗ್ ಸಾಲು) ಮೇಲೆ ವಾದ್ಯ, ಅಂದರೆ ದನಿ ಹುಟ್ಟಿಸುವ ಪ್ರೋಗ್ರಾಂ, ಕೂತಿದೆಯಾ, ಆ ಟ್ರ್ಯಾಕ್ ರೆಕಾರ್ಡಿಗೆ ಸಿದ್ಧವಾಗಿ ಮಾನಿಟರಿಂಗ್ (ನುಡಿಸಿದ್ದು ಆಗಲೇ ಕೇಳಿಸುವ ವ್ಯವಸ್ಥೆ) ಆನ್ ಇದೆಯಾ. ವಾದ್ಯಕ್ಕೆ ಮೊದಲ ದಿನವೇ ದುಡ್ಡು ಹಾಕುವ ಅಗತ್ಯ ಇಲ್ಲ. ಸರ್ಜ್ ಎಕ್ಸ್‌ಟಿ ಉಚಿತ, ತುಂಬಾ ಒಳ್ಳೆಯ ಸಿಂಥಸೈಜರ್.

ಸದ್ದು ಬಂತು. ಈಗ ಶುರುವಾಗುವುದು ನಾನು ಹೇಳಿದ ಎರಡನೇ ಕೆಲಸ.

ಎಲ್ಲಕ್ಕಿಂತ ಮೊದಲು ತಡವನ್ನು ಕಡಿಮೆ ಮಾಡಿ. ಕೀ ಒತ್ತಿದ ಮೇಲೆ ಸದ್ದು ಕಿವಿಗೆ ಬರಲು ಹಿಡಿಯುವ ಹೊತ್ತನ್ನು ಲೇಟೆನ್ಸಿ ಅನ್ನುತ್ತಾರೆ. ಕಂಪ್ಯೂಟರ್ ಸದ್ದನ್ನು ಒಂದೊಂದೇ ಸ್ಯಾಂಪಲ್ (ಸದ್ದಿನ ಅತಿ ಸಣ್ಣ ತುಣುಕು) ಆಗಿ ಕಳಿಸುವುದಿಲ್ಲ, ಕಂತುಗಳಲ್ಲಿ ಕಳಿಸುತ್ತದೆ. ಒಂದು ಕಂತಿನ ಗಾತ್ರವೇ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ ಅಂತ ಇಟ್ಟುಕೊಂಡರೆ, 1024ರ ಬಫರಿಗೆ ಸುಮಾರು 23 ಮಿಲಿಸೆಕೆಂಡ್, 256ಕ್ಕೆ ಸುಮಾರು 6, 128ಕ್ಕೆ ಸುಮಾರು 3. ಇದರ ಮೇಲೆ ಸದ್ದಿನ ಡ್ರೈವರಿನ ಪಾಲು ಬೇರೆ ಸೇರುತ್ತದೆ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 10 ಮಿಲಿಸೆಕೆಂಡ್ ತಡ ಮೂರೂವರೆ ಮೀಟರ್ ದೂರದ ಸ್ಪೀಕರ್ ಕೇಳಿದ ಹಾಗೆ. ಅದಕ್ಕೆ ಕೈ ಹೊಂದಿಕೊಳ್ಳುತ್ತದೆ. 30 ದಾಟಿದರೆ ಹೊಂದಿಕೊಳ್ಳುವುದಿಲ್ಲ. ಬೆರಳು ಸದ್ದಿಗಾಗಿ ಕಾಯಲು ಶುರು ಮಾಡುತ್ತದೆ, ಲಯ ಜಾರುತ್ತದೆ, ತಪ್ಪು ತನ್ನದೇ ಅಂತ ನುಡಿಸುವವರಿಗೆ ಅನಿಸುತ್ತದೆ. ನಾನು ನುಡಿಸುವಾಗ 128 ಇಡುತ್ತೇನೆ, ಟ್ರ್ಯಾಕುಗಳು ತುಂಬಿ ಸದ್ದು ಚಟಪಟ ಅಂದರೆ 256ಕ್ಕೆ ಏರಿಸುತ್ತೇನೆ. ವಿಂಡೋಸ್ ಇದ್ದರೆ ತಡ ಕಡಿಮೆ ಮಾಡುವ ಆಸಿಯೊ ಅನ್ನುವ ಸದ್ದಿನ ಡ್ರೈವರ್ ಆರಿಸಿಕೊಳ್ಳಿ, ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಮತ್ತೆ, ದಯವಿಟ್ಟು ಬ್ಲೂಟೂತ್ ಹೆಡ್‌ಫೋನ್ ಬೇಡ. ಹಾಡು ಕೇಳುವುದಕ್ಕೆ ಅದು ಸರಿ. ನುಡಿಸುವುದಕ್ಕೆ ಅದರ ತಡ ತುಂಬಾ ಜಾಸ್ತಿ. ವೈರಿನ ಹೆಡ್‌ಫೋನೇ ಬೇಕು.

ಆಮೇಲೆ ವೆಲಾಸಿಟಿ, ಅಂದರೆ ಆಗ ಹೇಳಿದ ಮೂರನೇ ಸಂಖ್ಯೆ. ಹಾರ್ಮೋನಿಯಂ ಕಲಿತವರಿಗೆ ಇದು ಹೊಸ ಲೋಕ. ಹಾರ್ಮೋನಿಯಂನಲ್ಲಿ ಕೀಯನ್ನು ಹೇಗೆ ಒತ್ತಿದರೂ ಒಂದೇ, ಜೋರು ಮೆಲ್ಲಗೆ ಎಲ್ಲ ತಿದಿಯ ಗಾಳಿಯಲ್ಲಿ. ಇಲ್ಲಿ ಹಾಗಲ್ಲ. ಪ್ರತಿ ಕೀಯ ಕೆಳಗೆ ಎರಡು ಸಂಪರ್ಕಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು ಮುಚ್ಚುತ್ತದೆ, ಆಮೇಲೆ ಇನ್ನೊಂದು. ಇವೆರಡರ ನಡುವಿನ ಹೊತ್ತನ್ನು ಕೀಬೋರ್ಡ್ ಅಳೆಯುತ್ತದೆ. ಹೊತ್ತು ಕಡಿಮೆಯಾದಷ್ಟೂ ಸಂಖ್ಯೆ ದೊಡ್ಡದು, 1ರಿಂದ 127ರವರೆಗೆ. ಅಂದರೆ ಇದು ಬೆರಳಿನ ಬಲ ಅಲ್ಲ, ವೇಗ. ಮಿನಿ ಕೀ ಇಳಿಯುವ ಆಳ ಕಡಿಮೆ. ಹಾಗಾಗಿ ಅಳೆಯಲು ಸಿಗುವ ಹೊತ್ತೂ ಚಿಕ್ಕದು. ಮೆಲ್ಲಗೆ ನುಡಿಸುವುದು ದೊಡ್ಡ ಕೀಗಿಂತ ಇಲ್ಲಿ ಕಷ್ಟವಾಗುವುದು ಇದಕ್ಕೇ.

ಒಂದು ಪ್ರಯೋಗ ಮಾಡಿ. ಮಾನಿಟರ್ ತೆರೆದು ಸ ರಿ ಗ ಮ ಪ ದ ನಿ ಸ ಒಂದೇ ಸಮನೆ ನುಡಿಸಿ, ಮೂರನೇ ಸಂಖ್ಯೆಯನ್ನು ನೋಡಿ. 92, 71, 104, 66 ಹೀಗೆ ಕುಣಿಯುತ್ತಿರುತ್ತದೆ. ಹೆಬ್ಬೆರಳು ಬಂದಲ್ಲಿ ಏರುತ್ತದೆ, ಉಂಗುರ ಬೆರಳಿನಲ್ಲಿ ಇಳಿಯುತ್ತದೆ. ಕೀಯ ಹೊರತುದಿಯಲ್ಲಿ ಒತ್ತಿದರೆ ಹಗುರ, ಒಳಗೆ ಕಪ್ಪು ಕೀಗಳ ನಡುವೆ ಒತ್ತಿದರೆ ಗಟ್ಟಿ. ಹಾರ್ಮೋನಿಯಂ ಕೈ ಬೆರಳನ್ನು ಕೀಗಳ ನಡುವೆ ಒಳಗೆ ಇಟ್ಟು ನುಡಿಸುತ್ತದೆ. ನಾನು ಕೈಯನ್ನು ಒಂದು ಬೆರಳು ಅಗಲ ಹಿಂದಕ್ಕೆ ಎಳೆದುಕೊಂಡೆ. ಅಷ್ಟಕ್ಕೇ ಸಂಖ್ಯೆಗಳು ಎಷ್ಟೋ ಹತ್ತಿರ ಬಂದವು. ಇದಾದ ಮೇಲೆ ವೆಲಾಸಿಟಿ ಕರ್ವ್ (ಯಾವ ವೇಗಕ್ಕೆ ಯಾವ ಸಂಖ್ಯೆ ಅನ್ನುವ ಸೆಟ್ಟಿಂಗ್) ನೋಡಿ. ಕೆಲವು ಕೀಬೋರ್ಡಿನಲ್ಲೇ ಅದು ಇರುತ್ತದೆ, ಕೆಲವದಕ್ಕೆ ತಯಾರಕರು ಕೊಡುವ ಎಡಿಟರ್ ಪ್ರೋಗ್ರಾಂ ತೆರೆಯಬೇಕು. ಸಾಫ್ಟ್, ಹಾರ್ಡ್ ಅನ್ನುವ ಹೆಸರುಗಳನ್ನು ನಂಬಬೇಡಿ, ಒಂದೊಂದು ಕಡೆ ಒಂದೊಂದು ಅರ್ಥ. ಆರಿಸಿ, ನುಡಿಸಿ, ಸಂಖ್ಯೆ ನೋಡಿ. ನಿಮ್ಮ ಸಹಜವಾದ ಒತ್ತು 70, 80ರ ಆಸುಪಾಸಿನಲ್ಲಿ ಬೀಳಬೇಕು. ಆಗ ಮೇಲೆ ಏರಲೂ ಜಾಗ ಇರುತ್ತದೆ, ಕೆಳಗೆ ಇಳಿಯಲೂ ಜಾಗ ಇರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 25 ಕೀ ಅಂದರೆ ಎರಡು ಸ್ಥಾಯಿ, ಜೊತೆಗೆ ಒಂದು ಕೀ. ಸಿಯಿಂದ ಸಿವರೆಗೆ. ಇಷ್ಟೇನಾ ಅಂತ ಎಲ್ಲರೂ ಕೇಳುತ್ತಾರೆ. ಆಕ್ಟೇವ್ ಬಟನ್ ಒತ್ತಿದರೆ ಮೇಲೆ ಕೆಳಗೆ ಹೋಗಬಹುದು, ನಿಜ. ಆದರೆ ಹಾಡಿನ ನಡುವೆ ಬಟನ್ ಒತ್ತುವುದು ಅಂದರೆ ಉಸಿರು ಕತ್ತರಿಸಿದ ಹಾಗೆ. ನನ್ನ ದನಿಗೆ ಕೂರುವ ಶ್ರುತಿ ಕಪ್ಪು ನಾಲ್ಕು, ಅಂದರೆ ಸಿಯಿಂದ ಎಣಿಸಿದರೆ ನಾಲ್ಕನೇ ಕಪ್ಪು ಕೀ. ಆ ಕೀಯನ್ನೇ ಷಡ್ಜ ಮಾಡಿಕೊಂಡರೆ ಇಷ್ಟು ಚಿಕ್ಕ ಕೀಬೋರ್ಡಿನಲ್ಲಿ ಕೆಳಗೂ ಜಾಗ ಸರಿಹೋಗುವುದಿಲ್ಲ, ಮೇಲೂ ಸರಿಹೋಗುವುದಿಲ್ಲ. ಎಡತುದಿಯ ಸಿಯನ್ನು ಷಡ್ಜ ಮಾಡಿದರೆ ಷಡ್ಜದಿಂದ ಕೆಳಗೆ ಒಂದು ಸ್ವರವೂ ಇಲ್ಲ.

ಅದಕ್ಕೆ ನಾನು ಮಾಡಿದ್ದು ಇದು. ಎಡತುದಿಯ ಸಿಯನ್ನು ಮಂದ್ರ ಪಂಚಮ ಅಂತ ಇಟ್ಟುಕೊಂಡೆ. ಆಗ ಷಡ್ಜ ಎಫ್ ಕೀ ಮೇಲೆ ಬೀಳುತ್ತದೆ. ಮೇಲಿನ ಎಫ್ ತಾರ ಷಡ್ಜ. ಬಲತುದಿಯ ಸಿ ತಾರ ಪಂಚಮ. ಮಂದ್ರ ಪಂಚಮದಿಂದ ತಾರ ಪಂಚಮ! ಹಾಡುವ ದನಿ ಹೆಚ್ಚಿನ ಹೊತ್ತು ಓಡಾಡುವ ಜಾಗ ಸರಿಯಾಗಿ ಇಷ್ಟೇ. 25 ಕೀಗಳಲ್ಲಿ ಒಂದೂ ದಂಡವಾಗುವುದಿಲ್ಲ. ಇನ್ನು ಉಳಿದದ್ದು ಶ್ರುತಿ. ಎಫ್‌ನಿಂದ ಕಪ್ಪು ನಾಲ್ಕಕ್ಕೆ ಮೂರು ಕೀ ಮೇಲೆ, ಹಾಗಾಗಿ ಟ್ರಾನ್ಸ್‌ಪೋಸ್ (ಎಲ್ಲ ಸ್ವರಗಳನ್ನೂ ಒಟ್ಟಿಗೆ ಏರಿಸುವ, ಇಳಿಸುವ ಸೆಟ್ಟಿಂಗ್) +3. ಬೆರಳು ಯಾವಾಗಲೂ ಎಫ್‌ನಲ್ಲಿ ಷಡ್ಜ ಹುಡುಕುತ್ತದೆ, ಕಿವಿಗೆ ಕೇಳುವುದು ನನ್ನ ಶ್ರುತಿ. ಬೇರೆ ಯಾರಾದರೂ ಕಪ್ಪು ಒಂದರಲ್ಲಿ ಹಾಡುತ್ತಾರೆ ಅಂದರೆ −4. ಬೆರಳುಗಳಿಗೆ ಏನೂ ಬದಲಾಗುವುದಿಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಇಲ್ಲದಿದ್ದರೆ ಸಾಫ್ಟ್‌ವೇರಿನ ಟ್ರ್ಯಾಕಿನಲ್ಲಿ ಮಾಡಬಹುದು, ಫಲ ಒಂದೇ. ಆಕ್ಟೇವ್ ಲೆಕ್ಕ ಹಾಕುವಾಗ ಒಂದು ಎಚ್ಚರ ಇರಲಿ. 60ನೇ ಸ್ವರವನ್ನು ಕೆಲವು ಕಂಪನಿಗಳು ಸಿ3 ಅನ್ನುತ್ತವೆ, ಕೆಲವು ಸಿ4 ಅನ್ನುತ್ತವೆ. ಹೆಸರು ಬಿಟ್ಟು ಸಂಖ್ಯೆ ಹಿಡಿದರೆ ಗೊಂದಲ ಇಲ್ಲ.

ಬಲಗೈ ಆಯಿತು. ಎಡಗೈ ಏನು ಮಾಡಬೇಕು? ಹಾರ್ಮೋನಿಯಂನಲ್ಲಿ ಎಡಗೈಗೆ ಬಿಡುವೇ ಇಲ್ಲ, ತಿದಿ ಒತ್ತುತ್ತಲೇ ಇರಬೇಕು. ಸ್ವರಕ್ಕೆ ಜೀವ ಕೊಡುವುದು ಆ ಕೈ. ಮಿಡಿಯಲ್ಲೂ ಇದಕ್ಕೆ ವ್ಯವಸ್ಥೆ ಇದೆ. ನಾಬ್ ತಿರುಗಿಸಿದಾಗ ಹೋಗುವ ಸಂದೇಶಕ್ಕೆ ಕಂಟ್ರೋಲ್ ಚೇಂಜ್ ಅನ್ನುತ್ತಾರೆ, ಚಿಕ್ಕದಾಗಿ ಸಿಸಿ. ಪ್ರತಿಯೊಂದಕ್ಕೂ ಒಂದು ನಂಬರ್ ಇದೆ. ಸಿಸಿ 1 ಮಾಡ್ಯುಲೇಶನ್, ಸಿಸಿ 7 ವಾಲ್ಯೂಮ್, ಸಿಸಿ 11 ಎಕ್ಸ್‌ಪ್ರೆಶನ್, ಸಿಸಿ 64 ಸಸ್ಟೇನ್ ಪೆಡಲ್ (ಕೀ ಬಿಟ್ಟ ಮೇಲೂ ಸ್ವರ ಹಿಡಿದಿಡುವ ಕಾಲಿನ ಪೆಡಲ್). ವಾಲ್ಯೂಮ್ ಅನ್ನುವುದು ಟ್ರ್ಯಾಕುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗಿಗೆ. ನುಡಿಸುವಾಗಿನ ಏರಿಳಿತಕ್ಕೆ ಇರುವುದೇ ಎಕ್ಸ್‌ಪ್ರೆಶನ್. ನಾನು ಎಡಗೈಗೆ ಸುಲಭವಾಗಿ ಸಿಗುವ ನಾಬಿಗೆ ಎಡಿಟರಿನಲ್ಲಿ ಸಿಸಿ 11 ಕೊಟ್ಟಿದ್ದೇನೆ. ಹಾರ್ಮೋನಿಯಂ, ಕೊಳಲು, ಪಿಟೀಲು ಇಂಥ ಎಳೆದು ನಿಲ್ಲುವ ಸದ್ದುಗಳಿಗೆ ವೆಲಾಸಿಟಿಯನ್ನು 100ಕ್ಕೆ ಕಟ್ಟಿಹಾಕುತ್ತೇನೆ. ಆಗ ಜೋರು ಮೆಲ್ಲಗೆ ಪೂರ್ತಿ ಎಡಗೈಯದು. ಸ್ವರ ಹಿಡಿದು ನಿಧಾನವಾಗಿ ನಾಬ್ ಏರಿಸಿದರೆ ಗಾಳಿ ತುಂಬಿಕೊಂಡ ಹಾಗೆ ಸ್ವರ ಅರಳುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ನನಗಾದ ಖುಷಿ ಹೇಳಲಾರೆ. ಕೆಲವು ಪಿಟೀಲು, ಚೆಲ್ಲೊ ಲೈಬ್ರರಿಗಳು (ರೆಕಾರ್ಡ್ ಮಾಡಿದ ದನಿಗಳ ಸಂಗ್ರಹಗಳು) ಇದೇ ಕೆಲಸವನ್ನು ಸಿಸಿ 1ಕ್ಕೆ ಕೊಟ್ಟಿರುತ್ತವೆ, ಅಲ್ಲಿ ಜಾಯ್‌ಸ್ಟಿಕ್ ಮೇಲಕ್ಕೆ ತಳ್ಳಿದರೆ ಸಾಕು.

ನಾಬಿನ ಬಗ್ಗೆ ಒಂದು ಸಣ್ಣ ಕಿರಿಕಿರಿ ಇದೆ. ಪರದೆಯ ಮೇಲೆ ಎಕ್ಸ್‌ಪ್ರೆಶನ್ 90 ಇದೆ, ಕೈಯಲ್ಲಿರುವ ನಾಬ್ 20ರಲ್ಲಿ ನಿಂತಿದೆ ಅಂತ ಇಟ್ಟುಕೊಳ್ಳಿ. ಮುಟ್ಟಿದ ತಕ್ಷಣ ಸದ್ದು ದಪ್ಪಂತ ಬೀಳುತ್ತದೆ. ಸಾಫ್ಟ್‌ವೇರಿನಲ್ಲಿ ಪಿಕಪ್ ಅಥವಾ ಟೇಕ್‌ಓವರ್ ಅನ್ನುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ. ನಾಬ್ 90 ಮುಟ್ಟುವವರೆಗೆ ಅದು ಸುಮ್ನೆ ಕಾಯುತ್ತದೆ, ಆಮೇಲೆ ಕೈ ಹಿಡಿದುಕೊಳ್ಳುತ್ತದೆ. ಕೊನೆಯಿಲ್ಲದೆ ಸುತ್ತುವ ನಾಬುಗಳಿದ್ದು, ರಿಲೇಟಿವ್ ಮೋಡ್ ಇಟ್ಟರೆ ಈ ಸಮಸ್ಯೆಯೇ ಇಲ್ಲ. ಎಂಟಕ್ಕೆ ಎಂಟು ನಾಬಿಗೂ ಏನಾದರೂ ಕೊಡಲೇಬೇಕು ಅಂತ ಏನಿಲ್ಲ. ನಾನು ಬಳಸುವುದು ಮೂರು. ಎಕ್ಸ್‌ಪ್ರೆಶನ್, ಫಿಲ್ಟರ್ (ದನಿಯ ಹೊಳಪು), ರಿವರ್ಬ್ (ಪ್ರತಿಧ್ವನಿ).

ಹಾರ್ಮೋನಿಯಂನಲ್ಲಿ ಆಗದ ಒಂದು ಕೆಲಸ ಇಲ್ಲಿ ಆಗುತ್ತದೆ. ಗಮಕ. ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಮೆಟ್ಟಿಲು ಹತ್ತಿದ ಹಾಗೆಯೇ ಹೋಗಬೇಕು. ಇಲ್ಲಿ ಪಿಚ್ ಬೆಂಡ್ ಇದೆ, ಅಂದರೆ ಜಾಯ್‌ಸ್ಟಿಕ್ ಎಡಬಲಕ್ಕೆ ತಳ್ಳಿದರೆ ಸ್ವರ ಬಾಗುತ್ತದೆ. ಬೇರೆ ಸಂದೇಶಗಳಿಗೆ 128 ಹಂತ ಇದ್ದರೆ ಪಿಚ್ ಬೆಂಡಿಗೆ 16,384 ಹಂತ. ನಡುವಿನ ಜಾಗ 8192. ಹಾಗಾಗಿ ಜಾರು ನಯವಾಗಿ ಬರುತ್ತದೆ. ಬಹುತೇಕ ವಾದ್ಯಗಳಲ್ಲಿ ಅದರ ವ್ಯಾಪ್ತಿ ಆ ಕಡೆ ಎರಡು ಕೀ, ಈ ಕಡೆ ಎರಡು ಕೀ ಅಂತ ಇರುತ್ತದೆ. ವಾದ್ಯದ ಸೆಟ್ಟಿಂಗಿನಲ್ಲಿ ಅದನ್ನು ಹೆಚ್ಚಿಸಬಹುದು. 12ಕ್ಕೆ ಏರಿಸಿ ನೋಡುವ ಆಸೆ ಆಗುತ್ತದೆ. ಆದರೆ ಮಿನಿ ಜಾಯ್‌ಸ್ಟಿಕ್ ಅಲುಗುವುದೇ ಒಂದು ಚೂರು. ವ್ಯಾಪ್ತಿ ಹೆಚ್ಚಾದಷ್ಟೂ ಬೆರಳಿನ ಸಣ್ಣ ನಡುಕವೂ ಅಪಸ್ವರವಾಗುತ್ತದೆ. ನನಗೆ 2 ಸಾಕು. ಗಾಂಧಾರವನ್ನು ರಿಷಭದಿಂದ ಎತ್ತಿ ತರಬೇಕಾದರೆ ರಿಷಭದ ಕೀ ಒತ್ತಿ, ಜಾಯ್‌ಸ್ಟಿಕ್ ಬಲಕ್ಕೆ ತಳ್ಳುತ್ತೇನೆ. ಬಿಟ್ಟರೆ ಸ್ಪ್ರಿಂಗ್ ತಾನೇ ನಡುವಿಗೆ ತರುತ್ತದೆ. ಅದನ್ನು ತಟಕ್ಕನೆ ಬಿಡಬಾರದು, ಹೆಬ್ಬೆರಳಿನಿಂದ ತಡೆದು ಇಳಿಸಬೇಕು. ಅಭ್ಯಾಸ ಬೇಕಾಗಿರುವುದು ಅಲ್ಲೇ.

ಇಲ್ಲಿ ಒಂದು ತೊಡಕು ಬರುತ್ತದೆ. ಪಿಚ್ ಬೆಂಡ್ ಒಂದು ಸ್ವರಕ್ಕೆ ಅಲ್ಲ, ಇಡೀ ಚಾನೆಲ್‌ಗೆ. ಅಂದರೆ ಎಡಗೈಯಲ್ಲಿ ಷಡ್ಜ ಹಿಡಿದುಕೊಂಡು ಬಲಗೈಯಲ್ಲಿ ಗಾಂಧಾರ ಜಾರಿಸಿದರೆ ಷಡ್ಜವೂ ಜೊತೆಗೇ ಜಾರುತ್ತದೆ. ಶ್ರುತಿಯೇ ಅಲ್ಲಾಡಿದರೆ ಇನ್ನೇನು ಉಳಿಯಿತು? ಅದಕ್ಕೆ ಶ್ರುತಿಯನ್ನು ಬೇರೆ ಟ್ರ್ಯಾಕಿನಲ್ಲಿ, ಬೇರೆ ವಾದ್ಯದಲ್ಲಿ ಮೊದಲೇ ರೆಕಾರ್ಡ್ ಮಾಡಿ ಲೂಪ್ ಹಾಕಿಬಿಡಿ. ಆ ಟ್ರ್ಯಾಕಿನ ಇನ್‌ಪುಟ್ ಮುಚ್ಚಿ. ಆಗ ಜಾಯ್‌ಸ್ಟಿಕ್ ಏನೇ ಆಡಿದರೂ ಶ್ರುತಿ ಅಲುಗುವುದಿಲ್ಲ. ಪ್ರತಿ ಸ್ವರಕ್ಕೂ ಬೇರೆ ಬೇರೆ ಬೆಂಡ್ ಕೊಡುವ ಎಂಪಿಇ ಅನ್ನುವ ಪದ್ಧತಿ ಬಂದಿದೆ. ಅದು ಒಂದೊಂದು ಸ್ವರವನ್ನು ಒಂದೊಂದು ಚಾನೆಲ್‌ಗೆ ಹಂಚುತ್ತದೆ. ಅದಕ್ಕೆ ತಕ್ಕ ಕೀಬೋರ್ಡ್ ಬೇರೆಯೇ ಇರುತ್ತದೆ.

ಪ್ಯಾಡುಗಳ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ತಾಳವಾದ್ಯಕ್ಕೆ 10ನೇ ಚಾನೆಲ್ ಅನ್ನುವುದು ಜನರಲ್ ಮಿಡಿಯ (ಯಾವ ನಂಬರಿಗೆ ಯಾವ ಸದ್ದು ಅನ್ನುವ ಒಪ್ಪಂದದ) ರೂಢಿ. ಡ್ರಮ್ ಸೆಟ್ಟಿನ ಸದ್ದುಗಳಲ್ಲಿ 36 ಕಿಕ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್. ಪ್ಯಾಡ್ ಬಡಿದರೆ ತಪ್ಪು ಸದ್ದು ಬರುತ್ತಿದ್ದರೆ ಈ ನಂಬರುಗಳನ್ನು ಹೋಲಿಸಿ ನೋಡಿ.

ಸಸ್ಟೇನ್ ಪೆಡಲ್‌ಗೆ ತೂತು ಇದ್ದರೆ ಪೆಡಲ್ ತೆಗೆದುಕೊಳ್ಳಿ, ಚಿಕ್ಕ ಕೀಬೋರ್ಡಿಗೆ ಅದರಿಂದ ಆಗುವ ಉಪಕಾರ ದೊಡ್ಡದು. ಎರಡೇ ಸ್ಥಾಯಿಯಲ್ಲಿ ಕೈ ಎತ್ತಿ ಬೇರೆ ಕಡೆ ಇಡುವಷ್ಟು ಹೊತ್ತು ಸ್ವರ ನಿಂತಿರುತ್ತದೆ. ಕೆಲವೊಮ್ಮೆ ಪೆಡಲ್ ಉಲ್ಟಾ ಕೆಲಸ ಮಾಡುತ್ತದೆ. ಒತ್ತಿದರೆ ಸ್ವರ ಕಡಿದುಹೋಗುತ್ತದೆ, ಬಿಟ್ಟರೆ ಎಳೆದು ಹಿಡಿಯುತ್ತದೆ. ಅದು ಕೆಟ್ಟಿಲ್ಲ. ಪೆಡಲ್‌ಗಳಲ್ಲಿ ಎರಡು ಬಗೆ ಇವೆ. ಎಷ್ಟೋ ಕೀಬೋರ್ಡುಗಳು ಆನ್ ಆಗುವ ಹೊತ್ತಿನಲ್ಲಿ ಪೆಡಲ್ ಯಾವ ಬಗೆಯದು ಅಂತ ನೋಡಿಕೊಳ್ಳುತ್ತವೆ. ಹಾಗಾಗಿ ಪೆಡಲ್ ಮೊದಲು ಸಿಕ್ಕಿಸಿ, ಅದರ ಮೇಲೆ ಕಾಲಿಡದೆ, ಆಮೇಲೆ ಯುಎಸ್‌ಬಿ ವೈರು ಸಿಕ್ಕಿಸಿ. ಎಲ್ಲೋ ಒಂದು ಸ್ವರ ಅಂಟಿಕೊಂಡು ನಿಲ್ಲದೆ ಕೂಗುತ್ತಿದ್ದರೆ ಸಾಫ್ಟ್‌ವೇರಿನಲ್ಲಿ ಪ್ಯಾನಿಕ್ ಅನ್ನುವ ಬಟನ್ ಹುಡುಕಿ. ಅದು ಎಲ್ಲ ಸ್ವರಗಳನ್ನೂ ನಿಲ್ಲಿಸುವ ಸಂದೇಶ ಕಳಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಎರಡು ಜಾಗದಲ್ಲಿ ಉಳಿಸಿಕೊಳ್ಳಬೇಕು. ನಾಬಿನ ನಂಬರುಗಳು, ಕರ್ವ್, ಟ್ರಾನ್ಸ್‌ಪೋಸ್ ಕೀಬೋರ್ಡಿನ ಪ್ರಿಸೆಟ್‌ನಲ್ಲಿ. ಶ್ರುತಿಯ ಟ್ರ್ಯಾಕ್, ವಾದ್ಯಗಳು ಸಾಫ್ಟ್‌ವೇರಿನ ಟೆಂಪ್ಲೇಟ್‌ನಲ್ಲಿ. ನನ್ನ ಮೊದಲ ಪ್ರಿಸೆಟ್ ಎಳೆದು ನಿಲ್ಲುವ ಸದ್ದುಗಳಿಗೆ, ಎರಡನೆಯದು ಪಿಯಾನೊಗೆ. ಪಿಯಾನೊದಲ್ಲಿ ವೆಲಾಸಿಟಿ ಬೇಕೇ ಬೇಕು, ಹಾಗಾಗಿ ಅಲ್ಲಿ 100ರ ಕಟ್ಟು ಬಿಚ್ಚಿದೆ. ಷಡ್ಜ ಮಾತ್ರ ಎರಡರಲ್ಲೂ ಎಫ್.